ಹರಿಗೋಲಿನ ದಾರಿ

ನೆಲದ ಮೇಲಿನ ದಾರಿಗೂ ನೀರಿನ ಮೇಲಿನ ದಾರಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ನೆಲದ ದಾರಿಯಲ್ಲಿ ದಣಿದವನು ಮರದ ನೆರಳಿನಲ್ಲಿ ಕುಳಿತುಕೊಳ್ಳಬಹುದು. ಮುಂದೆ ಹೋದವರು ಅವನಿಗಾಗಿ ಕಾಯಬಹುದು, ಇಲ್ಲವೇ ಕಾಯದೆ ನಡೆದುಬಿಡಬಹುದು. ನೀರಿನ ಮೇಲೆ ಹಾಗೆ ಮಾಡಲು ಬರುವುದಿಲ್ಲ. ಒಂದು ಹರಿಗೋಲಿನಲ್ಲಿ ಕುಳಿತವರೆಲ್ಲರಿಗೂ ಒಂದೇ ದಾರಿ, ಒಂದೇ ವೇಗ, ಒಂದೇ ದಡ. ಆದ್ದರಿಂದ ಹಿರಿಯರು ಕಿರಿಯರು ಕೂಡಿಕೊಂಡು ಜಲವಿಹಾರಕ್ಕೆ ಹೊರಡುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಗುಂಪಿನಲ್ಲಿ ಎಲ್ಲರಿಗಿಂತ ದುರ್ಬಲರು ಯಾರು?

ವಿಜಯಪುರ ಜಿಲ್ಲೆಯ ನಿಡಗುಂದಿ ಕೃಷ್ಣೆಯ ನೆರೆಯಲ್ಲಿರುವ ಊರು. ಇಲ್ಲಿಗೆ ಸಮೀಪದ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. ಈ ನಾಲ್ಕು ದಶಕಗಳ ಅವಧಿಯಲ್ಲಿ ಹೊಳೆ ಸಾಗರವಾಯಿತು. ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಂತಾಗ ಈ ಜಲಾಶಯದಲ್ಲಿ ಸುಮಾರು 123 ಟಿ.ಎಂ.ಸಿ. ನೀರು ಸಂಗ್ರಹವಾಗುತ್ತದೆ. ಬಯಲು ಸೀಮೆಯ ಹೊಲಗಳು ಆ ನೀರಿನಿಂದ ಹಸಿರಾದವು. ಆದರೆ ಅನೇಕ ಹಳ್ಳಿಗಳೂ ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಅದೇ ನೀರಿನಲ್ಲಿ ಮುಳುಗಿದವು. ಈ ಸೀಮೆಯ ಜನರಿಗೆ ನೀರೆಂದರೆ ಸಂತೋಷವೂ ಹೌದು, ಸಂಕಟವೂ ಹೌದು.

ಇಂಥ ಊರಿನ ಒಂದು ಕುಟುಂಬವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಎಪ್ಪತ್ತೈದು ವರ್ಷದ ಅಜ್ಜಿ; ಮಂಡಿನೋವಿನಿಂದ ಮೆಲ್ಲನೆ ನಡೆಯುವ ಅವಳ ಮಗ; ಸೊಸೆ; ಈಜು ಬಲ್ಲ ಇಬ್ಬರು ಕಾಲೇಜು ತರುಣರು; ಒಂಬತ್ತನೆಯ ತರಗತಿಯ ಹುಡುಗಿ; ಆರು ವರ್ಷದ ಒಂದು ಮಗು. ಎಲ್ಲರೂ ಕೂಡಿ ಒಂದು ದಿನ ಹೊಳೆಯ ಮೇಲೆ ಹೋಗಿಬರಬೇಕೆಂಬುದು ಅವರ ಆಸೆ. ತರುಣರಿಗೆ ನೀರಿನ ನಟ್ಟನಡುವೆ ಹೋಗುವ ಹಂಬಲ. ಮಗುವಿಗೆ ಹಕ್ಕಿಗಳನ್ನು ನೋಡುವ ಆತುರ. ಅಜ್ಜಿಯ ಆಸೆ ಬೇರೆಯೇ ಆಗಿದೆ. ಅವಳು ಹುಟ್ಟಿದ ಊರು ಹಿನ್ನೀರಿನ ತಳದಲ್ಲಿದೆ. ತವರಿನ ಮೇಲೆ ನಿಂತ ನೀರಿನಲ್ಲಿ ಒಮ್ಮೆ ತೇಲಿ ಬರಬೇಕೆಂದು ಅವಳ ಮನಸ್ಸು ತುಡಿಯುತ್ತಿದೆ.

ಹರಿಗೋಲು ಇಂಥ ಕೂಡುಪಯಣಕ್ಕೆ ಹಳೆಯ ವಾಹನ. ಬಿದಿರಿನ ದೊಡ್ಡ ಬುಟ್ಟಿಯನ್ನು ಹೆಣೆದು, ಹೊರಗೆ ತೊಗಲನ್ನು ಹೊದಿಸಿ ಅದನ್ನು ಸಿದ್ಧಪಡಿಸುತ್ತಿದ್ದರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯಲ್ಲಿ ಜನರನ್ನೂ ದನಕುದುರೆಗಳನ್ನೂ ದಾಟಿಸುತ್ತಿದ್ದ ಈ ದುಂಡನೆಯ ದೋಣಿಗಳನ್ನು ಕಂಡು ಬರೆದಿದ್ದಾನೆ. ಇರಾಕಿನ ಟೈಗ್ರಿಸ್ ನದಿಯಲ್ಲಿಯೂ ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿಯೂ ಇದರ ದಾಯಾದಿಗಳಿದ್ದವು. ಹರಿಗೋಲಿಗೆ ಗೇಣುದ್ದದ ನೀರು ಸಾಕು. ಎಲ್ಲರೂ ಕೆಳಗೆ ಕುಳಿತಿದ್ದರೆ ಅದು ಸುಲಭವಾಗಿ ಮಗುಚುವುದೂ ಇಲ್ಲ. ಆದರೆ ಅದಕ್ಕೆ ಮೂತಿಯಿಲ್ಲ, ನೀರನ್ನು ಸೀಳುವ ಅಡಿಗಟ್ಟಿಲ್ಲ. ಗಾಳಿ ಬೀಸಿದತ್ತ ಅದು ಸರಿಯುತ್ತದೆ, ಸುಳಿ ಸಿಕ್ಕಿದರೆ ಸುತ್ತುತ್ತದೆ, ಎಲ್ಲರೂ ಒಂದೇ ಕಡೆಗೆ ಬಾಗಿದರೆ ಅದೂ ಬಾಗುತ್ತದೆ. ಹರಿಗೋಲಿನ ಗುಣವನ್ನು ಬಲ್ಲ ಅಂಬಿಗನೇ ಅದರ ದಾರಿಯನ್ನು ನಿರ್ಧರಿಸಬೇಕು.

ನಿಡಗುಂದಿಯ ಈ ಕುಟುಂಬದ ಮುಂದೆ ಮೂರು ಬಗೆಯ ನೀರುಗಳಿವೆ. ಮೊದಲನೆಯದು ಅಣೆಕಟ್ಟಿನ ಕೆಳಗಿನ ಹೊಳೆ. ಬೇಸಿಗೆಯ ದಿನ ಬಂಡೆಗಳ ನಡುವೆ ತೆಳ್ಳಗೆ ಹರಿಯುವ ಅದನ್ನು ನೋಡಿದವರಿಗೆ ಇದಕ್ಕಿಂತ ಸಾಧುವಾದ ನೀರು ಬೇರೆಯಿಲ್ಲವೆನಿಸುತ್ತದೆ. ಆದರೆ ಈ ಹೊಳೆಯ ಏರಿಳಿತವನ್ನು ನಿರ್ಧರಿಸುವುದು ಕಣ್ಣೆದುರಿನ ಆಕಾಶವಲ್ಲ; ಮೇಲಿನ 26 ಬಾಗಿಲುಗಳು ಮತ್ತು 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರ. ವಿದ್ಯುತ್ತಿನ ಬೇಡಿಕೆ ಹೆಚ್ಚಿದಾಗ ಯಂತ್ರಗಳು ತಿರುಗುತ್ತವೆ, ನೀರು ಏರುತ್ತದೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಸುರಿದರೆ, ಇಲ್ಲಿ ಒಂದು ಹನಿಯೂ ಬೀಳದಿದ್ದರೂ ಬಾಗಿಲುಗಳು ತೆರೆಯುತ್ತವೆ. 2019ರ ಆಗಸ್ಟಿನ ಮಹಾಪೂರದಲ್ಲಿ ಇಲ್ಲಿಂದ ಕ್ಷಣವೊಂದಕ್ಕೆ ಐದು ಲಕ್ಷ ಘನ ಅಡಿಗೂ ಹೆಚ್ಚು ನೀರು ಹೊರಬಿದ್ದಿತು. ಅಜ್ಜಿ, ಮಗು ಇರುವ ಗುಂಪಿಗೆ ಈ ದಾರಿ ಸಲ್ಲದು. ನೀರು ಏರತೊಡಗಿದಾಗ ಬಂಡೆಯಿಂದ ಬಂಡೆಗೆ ಹಾರಿ ದಡ ಸೇರುವುದು ತರುಣರಿಗೇ ಕಷ್ಟ.

ಎರಡನೆಯದು ಆಲಮಟ್ಟಿಯ ಹಿನ್ನೀರು. ಅಲ್ಲಿ ಸೆಳವಿಲ್ಲ, ಸದ್ದಿಲ್ಲ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತವೆ. ನೀರು ಇಳಿದ ಕಡೆಗಳಲ್ಲಿ ರಾಜಹಂಸಗಳು ಸಾಲುಗಟ್ಟಿ ನಿಲ್ಲುತ್ತವೆ. ಆದರೆ ನಿಂತ ನೀರೆಲ್ಲ ಸೌಮ್ಯವೆಂದು ತಿಳಿಯುವುದು ತಪ್ಪು. ವಿಶಾಲವಾದ ನೀರಿನ ಮೇಲೆ ಗಾಳಿಗೆ ಅಡ್ಡಿಯಿಲ್ಲ. ಗಾಳಿ ಎಷ್ಟು ದೂರದಿಂದ ನೀರನ್ನು ಉಜ್ಜಿಕೊಂಡು ಬರುವುದೋ ತೆರೆ ಅಷ್ಟು ಎತ್ತರವಾಗುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ಜಲಾಶಯ ಮಧ್ಯಾಹ್ನದ ಹೊತ್ತಿಗೆ ಕಡಲಿನ ಚಿಕ್ಕ ತಂಗಿಯಾಗಬಹುದು. ನಡುನೀರಿಗೆ ಹೋದ ಹರಿಗೋಲನ್ನು ಆಗ ದಡಕ್ಕೆ ತರುವುದು ಒಬ್ಬ ಅಂಬಿಗನ ತೋಳಿಗೆ ಮೀರಿದ ಕೆಲಸ. ಇದಲ್ಲದೆ ನೀರಿನೊಳಗೆ ಹಳೆಯ ಗೋಡೆಗಳು, ಒಣಮರಗಳ ಬೊಡ್ಡೆಗಳು, ಮೀನುಗಾರರ ಬಲೆಗಳು ಅಡಗಿರುತ್ತವೆ. ದಡದ ಎರೆಮಣ್ಣಂತೂ ಇನ್ನೊಂದು ತೊಡಕು. ನೀರು ಹಿಂದೆ ಸರಿದಾಗ ಆ ಕಪ್ಪು ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಮಂಡಿನೋವಿನವನಿಗೆ ನಾಲ್ಕು ಮೈಲಿಯ ಜಲಯಾನಕ್ಕಿಂತ ಆ ನಾಲ್ಕು ಹೆಜ್ಜೆಯೇ ಕಠಿಣ. ದಾರಿಯನ್ನು ಆರಿಸುವವರು ನೀರನ್ನು ನೋಡುವುದಕ್ಕಿಂತ ಮೊದಲು ಹತ್ತುವ ಇಳಿಯುವ ಎಡೆಗಳನ್ನು ನೋಡಬೇಕು.

ಮೂರನೆಯದು ಕೂಡಲಸಂಗಮದ ನೀರು. ನಿಡಗುಂದಿಯಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗಿ, ಕೃಷ್ಣೆಯ ಸೇತುವೆಯನ್ನು ದಾಟಿದರೆ ಅತ್ತ ಹೊರಳುವ ದಾರಿ ದೊರೆಯುತ್ತದೆ. ಅಲ್ಲಿ ಮಲಪ್ರಭೆ ಬಂದು ಕೃಷ್ಣೆಯನ್ನು ಕೂಡುತ್ತಾಳೆ. ಕೆಳಗಿನ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಅಲ್ಲಿಯವರೆಗೆ ಹಬ್ಬಿರುವುದರಿಂದ ಮಳೆಗಾಲ ಕಳೆದ ಮೇಲೆ ಹೊಳೆ ಮೆಲ್ಲನೆ ಉಸಿರಾಡುವಂತೆ ಇರುತ್ತದೆ. ಬಸವಣ್ಣನವರ ಐಕ್ಯಸ್ಥಳವನ್ನು ನೀರಿನ ನಡುವೆ ಗೋಡೆ ಕಟ್ಟಿ ಕಾಪಾಡಿಕೊಂಡಿದ್ದಾರೆ. ಇಳಿಯಲು ಕಲ್ಲಿನ ಮೆಟ್ಟಿಲುಗಳಿವೆ, ಸಮೀಪದಲ್ಲೇ ನೆರಳುಂಟು, ಜನವಸತಿಯುಂಟು. ಯಾರಿಗಾದರೂ ತಲೆ ಸುತ್ತಿದರೆ ಸಹಾಯ ದೂರವಿಲ್ಲ. ಸಾಹಸಿಗಳಿಗೆ ಈ ದಾರಿ ಸಪ್ಪೆಯಾಗಿ ಕಾಣಬಹುದು. ಆದರೆ ಆರು ವರ್ಷದವರಿಂದ ಎಪ್ಪತ್ತೈದು ವರ್ಷದವರವರೆಗೆ ಎಲ್ಲರನ್ನೂ ಹೊತ್ತು ನಡೆಯಬಲ್ಲ ನೀರು ಇದು.

ಸ್ಥಳವನ್ನು ಆರಿಸಿದರೆ ಅರ್ಧ ಕೆಲಸ ಮುಗಿದಂತೆ; ಕಾಲವನ್ನು ಆರಿಸುವುದು ಉಳಿದರ್ಧ. ಮಳೆಗಾಲದಲ್ಲಿ ಈ ಸೌಮ್ಯ ನೀರೂ ಉಗ್ರವಾಗುತ್ತದೆ. ಬೇಸಿಗೆಯ ಬಿಸಿಲು ನೀರಿನ ಮೇಲೆ ಇಮ್ಮಡಿಯಾಗಿ ಹೊಡೆಯುತ್ತದೆ. ಎಳ್ಳಮಾವಾಸ್ಯೆಯ ಆಚೀಚಿನ ದಿನಗಳು ಎಲ್ಲಕ್ಕಿಂತ ಮೇಲು. ಬೆಳಗಿನ ಮಂಜು ಹರಿದ ಕೂಡಲೆ ಹೊರಟು, ಗಾಳಿ ಏಳುವ ಮುನ್ನ ಮರಳಿಬಿಡಬೇಕು. ಹೋಗುವಾಗ ಗಾಳಿಗೆ ಎದುರಾಗಿ ಹೋದರೆ, ದಣಿದು ಬರುವಾಗ ಅದೇ ಗಾಳಿ ನೆರವಾಗುತ್ತದೆ. ದಡವನ್ನು ಬಿಟ್ಟು ದೂರ ಸರಿಯಬಾರದು. ಅರ್ಧ ತಾಸಿಗೊಮ್ಮೆ ಇಳಿಯಲು ಎಡೆಯಿರಬೇಕು. ಕೃಷ್ಣೆಯಲ್ಲಿ ಮೊಸಳೆಗಳಿವೆ. ಚಳಿಗಾಲದ ಬೆಳಿಗ್ಗೆ ಅವು ಮೈ ಕಾಯಿಸಿಕೊಳ್ಳಲು ದಿಣ್ಣೆಗಳ ಮೇಲೆ ಮಲಗುತ್ತವೆ. ಅವುಗಳ ಜಾಡಿರುವ ಕಡೆ ಇಳಿಯಬಾರದು, ನೀರಿಗೆ ಕೈಬಿಟ್ಟು ಆಡಬಾರದು. ಇವೆಲ್ಲವನ್ನೂ ಹೇಳಬಲ್ಲವನು ಆ ಎಡೆಯ ಅಂಬಿಗನೇ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರ ಬಗ್ಗೆ ಗಾದೆಯುಂಟು. ಹೊಳೆಗೆ ಇಳಿಯುವ ಮೊದಲು ಅವನನ್ನು ಕೇಳದಿರುವವರು ಅವರಿಗಿಂತ ಅವಿವೇಕಿಗಳು.

ಜೀವರಕ್ಷಕ ಅಂಗಿಯ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. 2019ರ ಜನವರಿ 21ರಂದು ಕಾರವಾರದ ಬಳಿ, ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಹಬ್ಬದ ಸಂಭ್ರಮದಲ್ಲಿ ಇನ್ನಿಬ್ಬರನ್ನು ಹತ್ತಿಸಿಕೊಳ್ಳುವ ಉದಾರತೆ, ದಡ ಇಲ್ಲೇ ಇದೆಯೆಂಬ ಧೈರ್ಯ, ಇವೆರಡೂ ನೀರಿನ ಮೇಲೆ ಗುಣಗಳಲ್ಲ. ಹರಿಗೋಲು ಏರುವ ಪ್ರತಿಯೊಬ್ಬರೂ, ಈಜು ಬಲ್ಲವರು ಮೊದಲುಗೊಂಡು, ಆ ಅಂಗಿಯನ್ನು ತೊಡಬೇಕು. ತರುಣರು ತೊಟ್ಟರೆ ಮಗು ಹಠ ಮಾಡದೆ ತೊಡುತ್ತದೆ.

ದೂರದ ಕೆನಡಾದಲ್ಲಿ ಕಾಡಿನ ಸರೋವರಗಳ ನಡುವೆ ದೋಣಿಯಾನ ಮಾಡುವವರೂ ಇದೇ ಲೆಕ್ಕವನ್ನು ಹಾಕುತ್ತಾರೆ. ಅಲ್ಲಿ ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು. ಹೊರುವ ಎಡೆಗಳು ಎಷ್ಟು, ಬಯಲುನೀರು ಎಷ್ಟು, ಸೆಳವು ಎಂಥದು ಎಂಬುದನ್ನು ನೋಡಿಯೇ ಮಕ್ಕಳೊಂದಿಗರು ದಾರಿಯನ್ನು ಆರಿಸುತ್ತಾರೆ. ಹೊಳೆಯ ಸೆಳವನ್ನು ಒಂದರಿಂದ ಆರರವರೆಗೆ ದರ್ಜೆಗಳಾಗಿ ವಿಂಗಡಿಸುವ ಪದ್ಧತಿಯೂ ಜಗತ್ತಿನಲ್ಲಿ ರೂಢಿಯಲ್ಲಿದೆ. ನಮ್ಮ ಸೀಮೆಯಲ್ಲಿ ಈ ಲೆಕ್ಕವನ್ನು ಕಲಿಸಲು ಎಳ್ಳಮಾವಾಸ್ಯೆಯ ಬಂಡಿಯೇ ಸಾಕು. ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಬಂಡಿಯಲ್ಲಿ ಅಜ್ಜಿಗೂ ಎಡೆಯುಂಟು, ಕೂಸಿಗೂ ಎಡೆಯುಂಟು; ಎತ್ತುಗಳು ನಡೆದಷ್ಟೇ ವೇಗ. ತಡವಾಯಿತೆಂದು ಅಂದು ಯಾರೂ ಗೊಣಗುವುದಿಲ್ಲ. ಸಜ್ಜೆಯ ಕಡಬು, ಭಜ್ಜಿಪಲ್ಯ, ರೊಟ್ಟಿಗಳ ಬುತ್ತಿ ಎಲ್ಲರಿಗೂ ಒಟ್ಟಿಗೇ ಬಿಚ್ಚಿಕೊಳ್ಳುತ್ತದೆ.

ಹೀಗೆ ಎಲ್ಲವನ್ನೂ ತೂಗಿದರೆ ಕೂಡಲಸಂಗಮವೇ ಸರಿಯೆಂದು ತೋರುತ್ತದೆ. ತರುಣರನ್ನು ಒಪ್ಪಿಸುವುದು ಕಷ್ಟವಲ್ಲ. ಅವರ ಬಲಕ್ಕೆ ಹುಟ್ಟು ಹಾಕುವ ಕೆಲಸವುಂಟು, ಮುದುಕಿಯನ್ನು ಕೈಹಿಡಿದು ಇಳಿಸುವ ಕೆಲಸವುಂಟು. ಕಷ್ಟವಿರುವುದು ಅಜ್ಜಿಯ ಆಸೆಯ ವಿಷಯದಲ್ಲಿ. ಅವಳ ಮೈಗೆ ತಕ್ಕ ದಾರಿ ಒಂದು ಕಡೆಗೆ, ಅವಳ ಮನಸ್ಸು ಎಳೆಯುವ ದಾರಿ ಇನ್ನೊಂದು ಕಡೆಗೆ. ದುರ್ಬಲರ ಹಿತವನ್ನು ಕಾಯುವ ಉತ್ಸಾಹದಲ್ಲಿ ಅವರನ್ನು ಕೇಳದೆಯೇ ತೀರ್ಮಾನಿಸಿಬಿಡುವುದು ಮನೆಮನೆಗಳಲ್ಲಿ ನಡೆಯುವ ತಪ್ಪು. ಅಜ್ಜಿಯನ್ನು ಕೇಳಬೇಕು. ನಡುನೀರಿನ ಗಾಳಿಯ ವಿಷಯವನ್ನು ಮುಚ್ಚಿಡದೆ ಹೇಳಿ ಕೇಳಬೇಕು. ಹಾಗೆ ಕೇಳಿದರೆ ಅವಳು ಬಹುಶಃ ಹೀಗೆ ಹೇಳಿಯಾಳು: “ನೀರಿನ ಮ್ಯಾಲ ನಿಂತರ ಊರು ಕಾಣೂದಿಲ್ಲ. ದಂಡಿ ಮ್ಯಾಲ ನಿಂತರ ಊರಿನ ದಿಕ್ಕಾದರೂ ಕಾಣತೈತಿ.”

ಹಾಗಾದರೆ ಒಂದು ದಿನದ ಪಯಣ ಎರಡು ದಿನದ್ದಾಗಬೇಕು. ಒಂದು ಬೆಳಿಗ್ಗೆ ಸಂಗಮದ ನೀರಿನಲ್ಲಿ ಎಲ್ಲರ ಹರಿಗೋಲು. ಇನ್ನೊಂದು ಸಂಜೆ ಹಿನ್ನೀರಿನ ಗಟ್ಟಿ ದಡದ ಮೇಲೆ, ಕಲ್ಲಿನ ದಿಣ್ಣೆಯೊಂದರಲ್ಲಿ ಅಜ್ಜಿಗೆ ಚಾಪೆ. ಅಲ್ಲಿ ಅವಳು ಬೆರಳು ಚಾಚಿ ತನ್ನ ಊರಿನ ಗುಡಿಯ ಕಡೆ, ಬಾವಿಯ ಕಡೆ, ತಾನು ಕಲಿತ ಶಾಲೆಯ ಕಡೆ ತೋರಿಸುವಾಗ, ನಡುನೀರಿಗೆ ಹೋಗಬೇಕೆಂದಿದ್ದ ತರುಣರು ಸುಮ್ಮನೆ ಕುಳಿತು ಕೇಳುತ್ತಾರೆ. ಅವಳು ನೆನಪಿಟ್ಟುಕೊಂಡ ಓಣಿಗಳನ್ನು ಬಲ್ಲವರು ಆ ಮನೆಯಲ್ಲಿ ಮತ್ತಾರೂ ಇಲ್ಲ.