ಜಾಲಿ ಮುಳ್ಳಿಗೆ ವ್ಯಾಟ್ ಲೆಕ್ಕ ಗೊತ್ತಿಲ್ಲ

ನಮ್ಮ ಮಂಡ್ಯ ಕಡೆ ಸೈಕಲ್ ಟೈರಿನ ವಿಷಯ ಬಂದ್ರೆ ಪ್ರಶ್ನೆ ಎರಡೇ. ಎಷ್ಟಾಯ್ತು? ಎಷ್ಟು ವರ್ಷ ಬರುತ್ತೆ? ಮೊದಲನೆಯದಕ್ಕೆ ಉತ್ತರ ಮುನ್ನೂರು, ನಾನೂರರ ಒಳಗಿರಬೇಕು. ಎರಡನೆಯದಕ್ಕೆ ಉತ್ತರ, ಮಗ ಹೈಸ್ಕೂಲು ಮುಗಿಸೋವರೆಗೆ ಅಂತಿರಬೇಕು. ಹಾಗಾಗಿ ಮಳವಳ್ಳಿಯಲ್ಲಿರೋ ನನ್ನ ಚಿಕ್ಕಪ್ಪನ ಮಗ ಒಂದು ಜೊತೆ ಟೈರಿಗೆ ಹನ್ನೊಂದು ಸಾವಿರ ಕೊಡೋಕೆ ಹೊರಟಿದ್ದಾನೆ, ಅದೂ ನಾಲ್ಕೈದು ಸಾವಿರ ಕಿಲೋಮೀಟರಿಗೆ ಸವೆದು ಹೋಗೋ ಟೈರಿಗೆ ಅಂತ ಗೊತ್ತಾದಾಗ ಮನೇಲಿ ಸಣ್ಣ ಪಂಚಾಯ್ತಿಯೇ ಸೇರಿತು. "ಏನ್ಲಾ, ಚಿನ್ನದ್ ಟೈರಾ ಅದು?" ಅಂದರು ಚಿಕ್ಕಮ್ಮ. ತೀರ್ಪು ಹೇಳೋ ಕೆಲಸ ನನ್ನ ತಲೆಗೆ ಬಂತು. ಸೈಕಲ್ ಹುಚ್ಚು ಹತ್ತಿಸಿದವನು ನಾನೇ ಅಲ್ವಾ.

ಅವನು ಹೆಸರು ಕೊಟ್ಟಿದ್ದು ಗೋವಾದ ಐರನ್‌ಮ್ಯಾನ್ 70.3ಕ್ಕೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಪೂರ್ತಿ ಐರನ್‌ಮ್ಯಾನ್ ಅಂದ್ರೆ ಇದರ ಎರಡರಷ್ಟು. ಖಾಸಗಿ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿರೋ ಅವನಿಗೆ ಪ್ರವೇಶ ಶುಲ್ಕಕ್ಕೇ ಒಂದು ತಿಂಗಳ ಸಂಬಳ ಹೋಗಿತ್ತು. ಅವನೇನು ವೇಗದ ಸವಾರನಲ್ಲ. ಗಂಟೆಗೆ 25 ಕಿ.ಮೀ. ಸರಾಸರಿ. ಪ್ರಶಸ್ತಿಯ ಆಸೆ ಇಲ್ಲ, ಸಮಯದೊಳಗೆ ಮುಗಿಸಿದರೆ ಸಾಕು. ಆ ಸಮಯ ಅನ್ನೋದೇ ಇಲ್ಲಿ ಯಮ. ಒಟ್ಟು 8 ಗಂಟೆ 30 ನಿಮಿಷ. ಒಂದು ಸೆಕೆಂಡ್ ಮೇಲಾದರೂ ಮೆಡಲ್ ಇಲ್ಲ.

ಇದು ಎಷ್ಟು ಬಿಗಿ ಅಂತ ತಿಳಿಯೋಕೆ ಒಂದು ಉದಾಹರಣೆ. 2024ರಲ್ಲಿ ಸಂಸದ ತೇಜಸ್ವಿ ಸೂರ್ಯ ಇದೇ ಗೋವಾ ರೇಸ್ ಮುಗಿಸಿದ್ದು 8 ಗಂಟೆ 27 ನಿಮಿಷ 32 ಸೆಕೆಂಡಿಗೆ. ರಾಜಕೀಯ ಪಕ್ಕಕ್ಕಿಟ್ಟು ಬರೀ ಲೆಕ್ಕ ನೋಡಿ. ಉಳಿದದ್ದು ಎರಡೂವರೆ ನಿಮಿಷಕ್ಕಿಂತ ಕಡಿಮೆ. ದಾರಿಯಲ್ಲಿ ಒಂದೇ ಒಂದು ಪಂಚರ್ ಆಗಿದ್ದಿದ್ದರೆ ಕಥೆ ಬೇರೆ. ರೇಸ್‌ನ ಹಿಂದಿನ ಸಾಲಿನಲ್ಲಿ ಇರೋರಿಗೆ ಟೈರ್ ಶೋಕಿ ವಸ್ತು ಅಲ್ಲ ಅಂತ ನಾನು ಹೇಳೋದು ಇದಕ್ಕೇ. ಗೆಲ್ಲೋರಿಗಿಂತ ಹೆಚ್ಚು ಹೊತ್ತು ರಸ್ತೆ ಮೇಲಿರೋರು ಇವರು. ಟೈರ್ ಉಳಿಸಿದರೂ ಹೆಚ್ಚು ನಿಮಿಷ ಉಳಿಸೋದು, ಕೈಕೊಟ್ಟರೂ ಹೆಚ್ಚು ಕಳೆಯೋದು ಇವರಿಗೇ.

ಟೈರ್ ಹೇಗೆ ಶಕ್ತಿ ತಿನ್ನುತ್ತೆ? ಚಕ್ರ ಒಂದು ಸುತ್ತು ಹೊಡೆದರೆ ಸುಮಾರು 2.1 ಮೀಟರ್. 90 ಕಿ.ಮೀ.ಗೆ ಹತ್ತಿರ ಹತ್ತಿರ 43,000 ಸುತ್ತು. ಪ್ರತಿ ಸುತ್ತಿನಲ್ಲೂ ಟೈರಿನ ಪ್ರತಿ ಭಾಗ ನೆಲಕ್ಕೆ ತಾಗಿ ಚಪ್ಪಟೆಯಾಗುತ್ತೆ, ಮತ್ತೆ ಉಬ್ಬುತ್ತೆ. ಚಪ್ಪಟೆ ಮಾಡೋಕೆ ನಾವು ಕೊಟ್ಟ ಶಕ್ತಿಯನ್ನು ರಬ್ಬರ್ ಪೂರ್ತಿ ವಾಪಸ್ ಕೊಡಲ್ಲ. ಒಂದಿಷ್ಟು ಶಾಖವಾಗಿ ಹೋಗುತ್ತೆ. ಹಿಸ್ಟೆರಿಸಿಸ್ ಅಂತಾರೆ ಇದನ್ನ. ಸಾಲ ಕೊಟ್ಟ ನೆಂಟ ನೂರಕ್ಕೆ ತೊಂಬತ್ತು ಮಾತ್ರ ತೀರಿಸಿದ ಹಾಗೆ, ದಿನಕ್ಕೆ 43,000 ಸಲ. ಟೈರ್ ತೆಳ್ಳಗೆ, ಮೆತ್ತಗೆ ಇದ್ದಷ್ಟೂ ನಷ್ಟ ಕಡಿಮೆ. ದಪ್ಪ ರಬ್ಬರು, ಗಟ್ಟಿ ಪಕ್ಕೆ, ಒಳಗೆ ಪಂಚರ್ ತಡೆಯೋ ಪಟ್ಟಿ ಎಲ್ಲ ಸೇರಿದಷ್ಟೂ ನಷ್ಟ ಜಾಸ್ತಿ. ಸಮಸ್ಯೆ ಇರೋದೇ ಇಲ್ಲಿ. ವೇಗ ಕೊಡೋ ಗುಣವೂ ಮುಳ್ಳು ತಡೆಯೋ ಗುಣವೂ ಒಂದನ್ನೊಂದು ಎಳೆದಾಡುತ್ತವೆ.

ನಮ್ಮ ಮುಂದೆ ಇದ್ದ ಹೆಸರು ಎರಡು. ಒಂದು ಕಾಂಟಿನೆಂಟಲ್ ಗೇಟರ್‌ಸ್ಕಿನ್. ಒರಟು, ದೀರ್ಘಾಯುಷಿ, ಬೆಂಗಳೂರಿನ ಸೈಕಲ್ ಗುಂಪುಗಳಲ್ಲಿ ಎಲ್ಲರೂ ಮೊದಲು ಹಾಕಿಸೋ ಟೈರ್. ಇನ್ನೊಂದು ಅದೇ ಕಂಪನಿ 2018ರಲ್ಲಿ ತಂದ ಗ್ರ್ಯಾಂಡ್ ಪ್ರಿ 5000. ಪ್ರಯೋಗಾಲಯದ ರೋಲರ್ ಮೇಲೆ ಗಂಟೆಗೆ 29 ಕಿ.ಮೀ. ಆಸುಪಾಸಿನಲ್ಲಿ ಓಡಿಸಿದರೆ 5000 ಒಂದಕ್ಕೆ ಸುಮಾರು 10 ವ್ಯಾಟ್ ಬೇಕು, ಗೇಟರ್‌ಸ್ಕಿನ್‌ಗೆ ಅದರ ಎರಡರಷ್ಟರ ಹತ್ತಿರ. ಜೊತೆಗೆ ಲೆಕ್ಕ ಹಾಕಿದರೆ 15 ವ್ಯಾಟ್ ಮೇಲೆ ವ್ಯತ್ಯಾಸ. ನನ್ನ ತಮ್ಮ ಗಂಟೆಗಟ್ಟಲೆ ತುಳಿಯೋದೇ 110, 120 ವ್ಯಾಟ್. ಅವನ ವೇಗಕ್ಕೆ ಇಳಿಸಿ ಲೆಕ್ಕ ಹಾಕಿದರೂ 90 ಕಿ.ಮೀ.ನಲ್ಲಿ ಎಂಟರಿಂದ ಹತ್ತು ನಿಮಿಷ ಉಳಿಯುತ್ತೆ. ಇದಕ್ಕಿಂತ ವೇಗದ ಟೈರ್‌ಗಳೂ ಇವೆ, ಟೈಮ್ ಟ್ರಯಲ್‌ಗೆ ಅಂತಲೇ ಮಾಡಿದವು. ಅವು ನಮ್ಮ ಕಡೆ ಮದುವೆಗೆ ಹಾಕ್ಕೊಳ್ಳೋ ರೇಷ್ಮೆ ಪಂಚೆ ಥರ. ಗದ್ದೆಗೆ ಇಳಿಯೋಕಾಗಲ್ಲ.

ಇಷ್ಟೂ ನಾನು ಬೆಂಗಳೂರಲ್ಲಿ ಕೂತು ಸ್ಪ್ರೆಡ್‌ಶೀಟಲ್ಲಿ ಹಾಕಿದ ಲೆಕ್ಕ. ಅವನು ಕೇಳಿದ್ದು ಒಂದೇ ಮಾತು. "ಅದೆಲ್ಲಾ ಸರಿ ಕಣಣ್ಣ. ಪಂಚರ್ ಆದ್ರೆ?"

ಕೈ ಪಳಗಿದವರು ಟ್ಯೂಬ್ ಬದಲಾಯಿಸೋಕೆ ಆರೇಳು ನಿಮಿಷ, ಬೆವರಿ ನಡುಗೋ ಕೈಗೆ ಹದಿನೈದು. ಅಂದ್ರೆ ವೇಗದ ಟೈರ್ ಮೂರೂವರೆ ಗಂಟೆ ಕೂಡಿಟ್ಟ ಲಾಭವನ್ನ ಒಂದೇ ಮುಳ್ಳು ತಿಂದು ಹಾಕುತ್ತೆ. ಗೇಟರ್‌ಸ್ಕಿನ್‌ಗಿಂತ ಒಂದು ಪಂಚರ್ ಹೆಚ್ಚಾದರೆ ಲೆಕ್ಕ ಸಮ, ಎರಡಾದರೆ ಮನೆಗೆ. ಸಾಲದ್ದಕ್ಕೆ ಟ್ರಯಥ್ಲಾನ್‌ನಲ್ಲಿ ಹೊರಗಿನವರ ಸಹಾಯ ನಿಷಿದ್ಧ. ಅಣ್ಣ ಓಡಿಬಂದು ಪಂಪ್ ಕೊಡೋ ಹಾಗಿಲ್ಲ. ಮಂಡ್ಯ ಜಿಲ್ಲೆಯವನಿಗೆ ಇದು ಅರ್ಥವಾಗದ ನಿಯಮ. ನಮ್ಮಲ್ಲಿ ಸೈಕಲ್ ತಲೆಕೆಳಗು ಮಾಡಿ ನಿಂತರೆ ಸಾಕು, ಹಾಲಿನ ಕ್ಯಾನ್ ಕಟ್ಟಿಕೊಂಡ ಟಿವಿಎಸ್‌ನೋರು, ಆಟೋದೋರು, ಎಮ್ಮೆ ಹೊಡ್ಕೊಂಡು ಹೋಗೋರು, ಎಲ್ಲಾ ನಿಲ್ತಾರೆ. ರಿಪೇರಿ ಆಗುತ್ತೋ ಇಲ್ವೋ, ಯಾವೂರು, ಯಾರ ಮಗ ಅನ್ನೋದಂತೂ ಇತ್ಯರ್ಥ ಆಗುತ್ತೆ.

ಟೈರ್ ಆಯ್ಕೆ ಅನ್ನೋದು ಕೊನೆಗೆ ರಸ್ತೆಯ ಆಯ್ಕೆ. ಅವನ ಅಭ್ಯಾಸದ ದಾರಿ ಮಳವಳ್ಳಿಯಿಂದ ಕೆ.ಎಂ. ದೊಡ್ಡಿ, ಮದ್ದೂರು, ಗೆಜ್ಜಲಗೆರೆ, ಮಂಡ್ಯ. ಹೋಗಿ ಬಂದರೆ ಹೆಚ್ಚೂಕಮ್ಮಿ ರೇಸಿನ 90 ಕಿ.ಮೀ.ಯೇ. ದೊಡ್ಡಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಅರೆಯೋ ಕಾಲದಲ್ಲಿ ಜೋಡಿ ಟ್ರೈಲರಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಉದುರಿದ ಕಬ್ಬಿನ ತುಂಡು, ತರಗು, ಟ್ರೈಲರಿಂದ ಕಳಚಿದ ಬೋಲ್ಟು ಎಲ್ಲವೂ ರಸ್ತೆ ಅಂಚಲ್ಲೇ. ಸುಗ್ಗಿ ಬಂದರೆ ಟಾರು ರಸ್ತೆಯೇ ಕಣ. ರಾಗಿ, ಹುರುಳಿ ಹರಡಿ ವಾಹನಗಳ ಕೈಲಿ ಒಕ್ಕಣೆ ಮಾಡಿಸ್ತಾರೆ. ಆ ಹುಲ್ಲಿನ ಕೆಳಗೆ ಏನಿದೆ ಅಂತ ಸೈಕಲ್‌ನೋನಿಗೆ ಕಾಣಲ್ಲ. ಕೆರೆ ಏರಿ ಬಂದರೆ ಜಾಲಿ. ಒಣಗಿದ ಜಾಲಿ ಮುಳ್ಳು ಬೆರಳುದ್ದ ಇರುತ್ತೆ, ಅದಕ್ಕೆ ಜರ್ಮನಿ ಟೈರು, ಲೋಕಲ್ ಟೈರು ಅನ್ನೋ ಭೇದಭಾವ ಇಲ್ಲ.

ಮದ್ದೂರಿಂದ ಮಂಡ್ಯಕ್ಕೆ ಇನ್ನೊಂದು ಥರ. 118 ಕಿ.ಮೀ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ಕ್ಕೆ ಉದ್ಘಾಟನೆಯಾಯ್ತು. ಅದೇ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ಸೈಕಲ್ಲಿಗೂ ಪ್ರವೇಶ ಇಲ್ಲ. ಆ ವೇಗದ ನಡುವೆ ಸೈಕಲ್ ಇರಬಾರದು ಅನ್ನೋದು ಸರಿಯೇ. ಆದರೆ ನಮಗೆ ಉಳಿದದ್ದು ಸರ್ವೀಸ್ ರಸ್ತೆ ಮತ್ತು ಊರೊಳಗೆ ಹೋಗೋ ಹಳೇ ಹೆದ್ದಾರಿ. ಅಲ್ಲಿ ಮುಳ್ಳಿಗಿಂತ ದೊಡ್ಡ ಶತ್ರು ತಂತಿ. ಲಾರಿ ಟೈರ್ ಸಿಡಿದಾಗ ಒಳಗಿನ ಉಕ್ಕಿನ ಎಳೆಗಳು ಕೂದಲಿನ ಹಾಗೆ ಚದುರುತ್ತವೆ. ಕಣ್ಣಿಗೆ ಕಾಣಲ್ಲ. ಟೈರಿಗೆ ಹೊಕ್ಕಿ, ಹತ್ತು ಕಿಲೋಮೀಟರ್ ಆದ ಮೇಲೆ ಟ್ಯೂಬ್ ಮುಟ್ಟಿ, ನಿಧಾನಕ್ಕೆ ಗಾಳಿ ಇಳಿಸುತ್ತವೆ.

ಅಂಥದ್ದೊಂದು ಎಳೆಯನ್ನ ಪತ್ತೆ ಮಾಡಿಕೊಟ್ಟಿದ್ದು ಮಳವಳ್ಳಿಯ ಒಬ್ಬ ಪಂಚರ್ ಅಂಗಡಿ ಯಜಮಾನರು. ಎರಡು ಸಲ ಟ್ಯೂಬ್ ಬದಲಾಯಿಸಿದರೂ ಹಿಂದಿನ ಚಕ್ರ ನಿಲ್ತಿರಲಿಲ್ಲ. ಅವರು ಟೈರ್ ಕಳಚಿ, ಒಳಮೈ ಮೇಲೆ ಹತ್ತಿಬಟ್ಟೆ ಎಳೆದುಕೊಂಡು ಹೋದರು. ಒಂದು ಕಡೆ ಬಟ್ಟೆಯ ದಾರ ಸಿಕ್ಕಿಕೊಳ್ತು. ಇಕ್ಕಳದಲ್ಲಿ ಕಿತ್ತು ಅಂಗೈ ಮೇಲಿಟ್ಟರು. "ಟ್ಯೂಬ್ ನೂರ್ ಹಾಕು, ಕಳ್ಳ ಒಳಗೇ ಕುಂತವ್ನೆ" ಅಂದರು. ಸಾವಿರಾರು ರೂಪಾಯಿ ಸಲಕರಣೆಗಿಂತ ಈ ಹತ್ತಿಬಟ್ಟೆ ತುಂಡು ದೊಡ್ಡ ಪಾಠ. ಅಂದಿನಿಂದ ಅದು ಅವನ ಸೀಟಿನ ಕೆಳಗಿನ ಚೀಲದಲ್ಲಿದೆ. ಜೊತೆಗೆ ಮತ್ತೊಂದು ಚಿಕ್ಕ ವಸ್ತು. ರೇಸ್ ಸೈಕಲ್ಲಿನ ಸಣ್ಣ ಪ್ರೆಸ್ಟಾ ವಾಲ್ವ್‌ಗೆ ಬೈಕಿನ ಗಾಳಿ ಪೈಪು ಕೂರಲ್ಲ, ಹಿತ್ತಾಳೆಯ ಅಡಾಪ್ಟರ್ ಬೇಕು. ಹಾಗೇ ಅಂಗಡಿಯಲ್ಲಿ ನೇತುಹಾಕಿರೋ ಹಳೇ 28 ಇಂಚಿನ ಟೈರ್ ನಮ್ಮ ರಿಮ್ಮಿಗೆ ಬರಲ್ಲ. ಅದರ ಅಂಚಿನ ವ್ಯಾಸ 635 ಮಿ.ಮೀ., ನಮ್ಮದು 622. ನೋಡೋಕೆ ಅಣ್ಣ ತಮ್ಮ, ಕೂರಿಸಿದರೆ ಗೊತ್ತಾಗುತ್ತೆ ಬೇರೆ ಮನೆಯವರು ಅಂತ.

ಗಾಳಿಯ ವಿಷಯದಲ್ಲೂ ನಮ್ಮೂರಲ್ಲಿ ಒಂದು ನಂಬಿಕೆ. ಕಲ್ಲಿನಂತೆ ಗಟ್ಟಿಯಾದರೆ ವೇಗ. ನುಣುಪಾದ ರೋಲರ್ ಮೇಲೆ ಅದು ನಿಜ. ಜಲ್ಲಿ ಎದ್ದ ಟಾರಿನ ಮೇಲೆ ಟೈರ್ ಬಗ್ಗದಿದ್ದರೆ ಸೈಕಲ್ಲು, ಸವಾರ ಇಬ್ಬರೂ ಕುಲುಕಾಡಬೇಕು. ಆ ಕುಲುಕಾಟಕ್ಕೂ ನಮ್ಮ ಶಕ್ತಿಯೇ ಖರ್ಚು. ಅದಕ್ಕೇ ಹಿಂದೆ 23 ಮಿ.ಮೀ. ಟೈರಿಗೆ 120 ಪಿಎಸ್‌ಐ ತುಂಬ್ತಿದ್ದ ವೃತ್ತಿಪರರೆಲ್ಲ ಈಗ 28ಕ್ಕೆ ಬಂದಿದ್ದಾರೆ, ಗಾಳಿ ಇಳಿಸಿದ್ದಾರೆ. ನನ್ನ ತಮ್ಮ 70 ಕೆ.ಜಿ. ಇದ್ದಾನೆ. 28 ಮಿ.ಮೀ. ಟೈರು, 70 ಪಿಎಸ್‌ಐ ಆಸುಪಾಸು, ಮುಂದಿನದಕ್ಕೆ ಎರಡು ಮೂರು ಕಡಿಮೆ ಅಂತ ನಿಲ್ಲಿಸಿದೆವು. ದೊಡ್ಡಿ ದಾಟಿದ ಮೇಲೆ ಕೈ ಜೋಮು ಹಿಡಿಯೋದು ನಿಂತೇಹೋಯ್ತು. ಇಳಿದ ಮೇಲೆ 21 ಕಿ.ಮೀ. ಓಡೋನಿಗೆ ಇದು ವ್ಯಾಟಿಗಿಂತ ದೊಡ್ಡ ಉಳಿತಾಯ. ಒಂದು ಎಚ್ಚರಿಕೆ: ಹುಕ್‌ಲೆಸ್ ರಿಮ್ ಇದ್ದೋರು 72.5 ಪಿಎಸ್‌ಐ ದಾಟೋ ಹಾಗಿಲ್ಲ, ಟ್ಯೂಬ್‌ಲೆಸ್ ಅಂತ ಬರೆದ ಟೈರನ್ನೇ ಹಾಕಬೇಕು. ಟೈರ್ ರಿಮ್ಮಿಂದ ಹಾರಿದರೆ ಹೋಗೋದು ಬರೀ ರೇಸಲ್ಲ.

ಒಳಗೆ ಟ್ಯೂಬೋ, ಟ್ಯೂಬ್‌ಲೆಸ್ಸೋ? ಟ್ಯೂಬ್‌ಲೆಸ್‌ನಲ್ಲಿ ಒಳಗಿನ ಸೀಲೆಂಟ್ ದ್ರವ ಸಣ್ಣ ತೂತನ್ನ ಓಡ್ತಾ ಓಡ್ತಾನೇ ಮುಚ್ಚುತ್ತೆ. ಮುಳ್ಳಿನ ಊರಿಗೆ ವರ ಅದು. ಆದರೆ ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತೆ, ಟೈರ್ ಕೂರಿಸೋಕೆ ಒಮ್ಮೆಲೇ ಜೋರು ಗಾಳಿ ಬೇಕು, ದೊಡ್ಡ ಕೊಯ್ತ ಆದರೆ ಕೈಯೆಲ್ಲ ಅಂಟು. ಲ್ಯಾಟೆಕ್ಸ್ ಟ್ಯೂಬ್ ಹಾಕಿದರೆ ಚಕ್ರಕ್ಕೆ ಎರಡು ಮೂರು ವ್ಯಾಟ್ ಉಳಿಯುತ್ತೆ, ಆದರೆ ದಿನಾ ಬೆಳಗ್ಗೆ ಗಾಳಿ ತುಂಬಬೇಕು. ಅವನ ಹಳೇ ರಿಮ್ ಟ್ಯೂಬ್‌ಲೆಸ್‌ಗೆ ಆಗ್ತಿರಲಿಲ್ಲವಾದ್ದರಿಂದ ಅರ್ಧ ಚರ್ಚೆ ಅಲ್ಲಿಗೇ ಮುಗೀತು. ಬಡವನ ಸೈಕಲ್ಲು ಎಷ್ಟೋ ತೀರ್ಮಾನ ತಾನೇ ತಗೊಂಡಿರುತ್ತೆ.

ಹವಾಯಿಯ ಕೋನಾದಲ್ಲಿ ನಡೆಯೋ ವಿಶ್ವ ಚಾಂಪಿಯನ್‌ಶಿಪ್‌ನ ಎರಡು ಕಥೆ ಅವನಿಗೆ ಹೇಳಿದ್ದೆ. 2004ರಲ್ಲಿ ಗೆದ್ದ ಜರ್ಮನಿಯ ನಾರ್ಮನ್ ಸ್ಟಾಡ್ಲರ್‌ಗೆ 2005ರಲ್ಲಿ ಪಂಚರ್ ಆಯ್ತು. ರಿಮ್ಮಿಗೆ ಅಂಟು ಹಾಕಿ ಕೂರಿಸೋ ಟೈರ್, ಅಂಟು ಜಾಸ್ತಿಯಾಗಿ ಕಿತ್ತು ಬರಲೇ ಇಲ್ಲ. ರಸ್ತೆಬದಿಯಲ್ಲೇ ರೇಸ್ ಮುಗೀತು. ಮರುವರ್ಷ ಬಂದು ಗೆದ್ದರು ಅನ್ನಿ. 2008ರಲ್ಲಿ ಬ್ರಿಟನ್ನಿನ ಕ್ರಿಸ್ಸಿ ವೆಲ್ಲಿಂಗ್ಟನ್ ಟ್ಯೂಬ್ ಬದಲಾಯಿಸಿದರೂ ಗಾಳಿ ತುಂಬೋ ಕಾರ್ಟ್ರಿಜ್ ಕೈಕೊಟ್ಟು ನಿಂತಿದ್ದರು. ಹೊರಗಿನವರು ಕೊಡೋ ಹಾಗಿಲ್ಲ, ಸಹ ಸ್ಪರ್ಧಿ ಕೊಡಬಹುದು. ಆಸ್ಟ್ರೇಲಿಯಾದ ರೆಬೆಕಾ ಕೀಟ್ ಹೋಗ್ತಾ ಹೋಗ್ತಾ ತಮ್ಮ ಕಾರ್ಟ್ರಿಜ್ ಕೊಟ್ಟರು. ವೆಲ್ಲಿಂಗ್ಟನ್ ಎದ್ದು ಹೋಗಿ ಗೆದ್ದರು.

ಕೊನೆಗೆ ಕೊಟ್ಟ ತೀರ್ಪು ಇಷ್ಟು. ಎರಡು ಜೊತೆ ಟೈರ್. ಮದ್ದೂರು ದಾರಿಗೆ ಗೇಟರ್‌ಸ್ಕಿನ್, ಕಬ್ಬಿನ ತುಂಡು, ಜಾಲಿ ಎಲ್ಲ ಅದರ ಪಾಲಿಗೆ. ಗೋವಾಕ್ಕೆ 5000, ಆದರೆ ರೇಸ್‌ಗೆ ಮುಂಚೆ ಇನ್ನೂರು ಕಿಲೋಮೀಟರ್ ಓಡಿಸಿ, ಕೊಯ್ತ ಇದೆಯಾ ಅಂತ ಬೆರಳಾಡಿಸಿ ನೋಡಿಕೊಂಡು. ಉಳಿದ ವಾರಗಳಲ್ಲಿ ವಾರಕ್ಕೆರಡು ಸಲ ಹಿಂದಿನ ಚಕ್ರದ ಟ್ಯೂಬ್ ಬಿಚ್ಚಿ ಹಾಕೋ ಅಭ್ಯಾಸ. ಭಾರ ಹೆಚ್ಚು ಬೀಳೋದು ಹಿಂದಿನದಕ್ಕೆ, ಪಂಚರ್ ಹೆಚ್ಚು ಆಗೋದೂ ಅದೇ, ಚೈನ್ ಇರೋದ್ರಿಂದ ಕಷ್ಟವೂ ಅದೇ. ಹದಿನಾಲ್ಕು ನಿಮಿಷದಿಂದ ಏಳಕ್ಕೆ ಇಳಿದ. ಹನ್ನೊಂದು ಸಾವಿರದ ಟೈರು ಕೊಟ್ಟಷ್ಟೇ ನಿಮಿಷವನ್ನ ಚಿಕ್ಕಮ್ಮನ ಹಟ್ಟಿ ಜಗಲಿ ಬಿಟ್ಟಿಯಾಗಿ ಕೊಡ್ತು.

ರೇಸ್ ದಿನ ಅವನು ಸೈಕಲ್ ಮುಗಿಸಿದ್ದು 3 ಗಂಟೆ 38 ನಿಮಿಷಕ್ಕೆ. ಅವನಿಗೆ ಪಂಚರ್ ಆಗಲಿಲ್ಲ. ಒಟ್ಟು 8 ಗಂಟೆ 13 ನಿಮಿಷ. ಹದಿನೇಳು ನಿಮಿಷ ಉಳೀತು. ಅದರಲ್ಲಿ ಟೈರಿನ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಅಂತ ಯಾವ ಸ್ಪ್ರೆಡ್‌ಶೀಟೂ ಬಿಡಿಸಿ ಹೇಳಲ್ಲ. ಆಮೇಲೆ ಸಾಮಾನು ಜೋಡಿಸುವಾಗ ನೋಡಿದೆ, ಸೀಟಿನ ಚೀಲದಲ್ಲಿ ಬಟ್ಟೆ ತುಂಡು ಇತ್ತು, ಟ್ಯೂಬ್ ಇರಲಿಲ್ಲ. ಅರವತ್ತನೇ ಕಿಲೋಮೀಟರ್ ಹತ್ರ ಯಾರೋ ಸ್ಪರ್ಧಿ ಎರಡನೇ ಪಂಚರ್ ಆಗಿ ನಿಂತಿದ್ದರಂತೆ. ಇದ್ದ ಒಂದೇ ಟ್ಯೂಬ್ ಕೊಟ್ಟು, ಉಳಿದ ಮೂವತ್ತು ಕಿಲೋಮೀಟರ್ ಬರಿಗೈಲಿ ಹೋಗಿದ್ದಾನೆ.

"ಅಕಸ್ಮಾತ್ ನಿಂಗೂ ಆಗಿದ್ರೆ ಏನ್ಲಾ ಮಾಡ್ತಿದ್ದೆ?" ಅಂದೆ.

"ಯಾರಾದ್ರೂ ನಿಲ್ಲೋರು ಬುಡಣ್ಣ" ಅಂದ.