ಅಗಲ ಚಕ್ರಕ್ಕೆ ಸುಂಕ ಮಾಫಿ

ಅಮೆರಿಕದ ಕೇಂದ್ರ ಸರ್ಕಾರ ತನ್ನ ಬೊಕ್ಕಸದ ಹಣದಿಂದ ಕಟ್ಟಿಸಿದ ಮೊದಲ ದೊಡ್ಡ ಹೆದ್ದಾರಿ ‘ನ್ಯಾಷನಲ್ ರೋಡ್’. ಅಪಲಾಚಿಯನ್ ಬೆಟ್ಟಸಾಲಿನಾಚೆ ನೆಲೆಸಿದ ಜನ ಎಲ್ಲಿ ಕೈತಪ್ಪಿ ಹೋಗುವರೋ ಎಂಬ ಚಿಂತೆ ರಾಜಕಾರಣಿಗಳಿಗೆ. ಬೆಳೆದದ್ದನ್ನು ಪೂರ್ವದ ಪೇಟೆಗೆ ಸಾಗಿಸುವುದು ಹೇಗೆಂಬ ಚಿಂತೆ ಅಲ್ಲಿನ ರೈತರಿಗೆ. 1806ರಲ್ಲಿ ಅಧ್ಯಕ್ಷ ಜೆಫರ್ಸನ್ ಕಾಯಿದೆಗೆ ಸಹಿ ಹಾಕಿದರು. 1811ರಲ್ಲಿ ಮೇರಿಲ್ಯಾಂಡಿನ ಕಂಬರ್‌ಲ್ಯಾಂಡಿನಲ್ಲಿ ಕೆಲಸ ಶುರುವಾಗಿ, 1818ರಲ್ಲಿ ರಸ್ತೆ ಓಹಿಯೊ ನದಿ ದಂಡೆಯ ವ್ಹೀಲಿಂಗ್ ಮುಟ್ಟಿತು.

ರಸ್ತೆ ಮಾಡುವುದು ಒಂದು, ಉಳಿಸಿಕೊಳ್ಳುವುದು ಇನ್ನೊಂದು. ಅದರ ಮೇಲೆ ಓಡಾಡಿದ ಕಾನಸ್ಟೋಗ ಬಂಡಿಗಳು ಟನ್ನುಗಟ್ಟಲೆ ಸರಕು ಹೊರುತ್ತಿದ್ದವು. ಕಬ್ಬಿಣದ ಪಟ್ಟಿ ಬಿಗಿದ ಚಕ್ರ ರಸ್ತೆಯನ್ನು ಹೇಗೆ ಕೊರೆಯುತ್ತದೆಂದು ಎತ್ತಿನ ಗಾಡಿ ಕಂಡವರಿಗೆ ಹೇಳಬೇಕಾಗಿಲ್ಲ. ದುರಸ್ತಿಗೆ ಸುಂಕ ಎತ್ತೋಣವೆಂದು ಕಾಂಗ್ರೆಸ್ ಮಸೂದೆ ಮಾಡಿದರೆ, 1822ರಲ್ಲಿ ಅಧ್ಯಕ್ಷ ಮನ್ರೋ ತಡೆದರು. ಸಂವಿಧಾನ ಕೇಂದ್ರಕ್ಕೆ ಆ ಅಧಿಕಾರ ಕೊಟ್ಟಿಲ್ಲವೆಂಬುದು ಅವರ ವಾದ. ರಸ್ತೆಯ ಗುಂಡಿಗೆ ಸಂವಿಧಾನ ಗೊತ್ತಿಲ್ಲವಲ್ಲ! ಕೊನೆಗೆ 1830ರ ದಶಕದಲ್ಲಿ ರಸ್ತೆಯನ್ನು ರಿಪೇರಿ ಮಾಡಿಸಿ ಆಯಾ ರಾಜ್ಯಗಳಿಗೆ ಒಪ್ಪಿಸಲಾಯಿತು. ಅವು ಸುಂಕದ ಕಟ್ಟೆಗಳನ್ನು ಕಟ್ಟಿಸಿದವು.

ಪೆನ್ಸಿಲ್ವೇನಿಯದ ಸುಂಕದ ಪಟ್ಟಿ ನೋಡುವಂತಿದೆ. 20 ಕುರಿಗೆ 6 ಸೆಂಟ್, 20 ದನಕ್ಕೆ 12 ಸೆಂಟ್. ಬಂಡಿಗಾದರೆ ಚಕ್ರದ ಅಗಲವೇ ಲೆಕ್ಕ. ಕಿರಿದಾದ ಚಕ್ರಕ್ಕೆ ಹೆಚ್ಚು ಸುಂಕ, ಅಗಲವಾದಷ್ಟೂ ಕಡಿಮೆ, 8 ಅಂಗುಲ ಮೀರಿದರೆ ಪೂರ್ತಿ ಮಾಫಿ! ಅದೇ ಭಾರ ಹೆಚ್ಚು ಜಾಗದ ಮೇಲೆ ಹರಡಿದರೆ ಒತ್ತಡ ಕಡಿಮೆ. ಅಗಲ ಚಕ್ರ ರಸ್ತೆಯನ್ನು ಕೊರೆಯುವ ಬದಲು ದಮ್ಮಸ್ಸು ಮಾಡುತ್ತದೆ. ಶಾಲೆಯ ಭೌತಶಾಸ್ತ್ರ ಕಾನೂನಿನೊಳಗೆ ಇಷ್ಟು ಚೊಕ್ಕವಾಗಿ ಕೂತದ್ದು ಅಪರೂಪ.

ದಾರಿಯುದ್ದಕ್ಕೂ ತಂಗುಮನೆಗಳು ಎದ್ದವು. ಕೋಚುಗಾಡಿಯ ಪ್ರಯಾಣಿಕರಿಗೆ ಒಳ್ಳೆಯ ಕೊಠಡಿ, ಹಾಸಿಗೆ. ಬಂಡಿಯವರು ಬೇರೆಡೆ, ಬೆಂಕಿಗೂಡಿನ ಸುತ್ತ ನೆಲದ ಮೇಲೆ ತಮ್ಮದೇ ಹಾಸಿಗೆ ಬಿಚ್ಚಿ ಮಲಗುತ್ತಿದ್ದರು. ಅವರು ಸೇದುತ್ತಿದ್ದ ಅಗ್ಗದ ಚುಟ್ಟಕ್ಕೆ ಬಂಡಿಯ ಹೆಸರೇ ತುಂಡಾಗಿ ‘ಸ್ಟೋಗಿ’ ಎಂದಾಯಿತು.

ಇಲಿನಾಯ್ ರಾಜ್ಯದ ವಾಂಡೇಲಿಯ ತಲಪುವಷ್ಟರಲ್ಲಿ ಕೇಂದ್ರದ ಹಣ ನಿಂತಿತು. ಹೆದ್ದಾರಿ ಮಿಸಿಸಿಪ್ಪಿ ನದಿ ಕಾಣಲೇ ಇಲ್ಲ. ಅತ್ತ ಬಾಲ್ಟಿಮೋರ್-ಓಹಿಯೊ ರೈಲು 1842ರಲ್ಲಿ ಕಂಬರ್‌ಲ್ಯಾಂಡಿಗೂ 1853ರಲ್ಲಿ ವ್ಹೀಲಿಂಗಿಗೂ ಬಂತು. ಸರಕು ರೈಲು ಹತ್ತಿತು, ಪ್ರಯಾಣಿಕರೂ ಹತ್ತಿದರು. ಬಂಡಿಯವನು, ಲಾಯದ ಆಳು, ತಂಗುಮನೆಯ ಯಜಮಾನ ಎಲ್ಲರ ಅನ್ನಕ್ಕೂ ಕುತ್ತು. ರಸ್ತೆ ಮತ್ತೆ ತುಂಬಿದ್ದು ಮೋಟಾರು ಕಾರು ಬಂದ ಮೇಲೆ. 1926ರಲ್ಲಿ ಅದರ ಬಹುಭಾಗ 40ನೇ ನಂಬರಿನ ಹೆದ್ದಾರಿಯಾಯಿತು. ಹಳೆಯ ಸುಂಕದ ಮನೆಗಳಲ್ಲಿ ಕೆಲವು ಇಂದಿಗೂ ಅದರ ಪಕ್ಕದಲ್ಲಿ ನಿಂತಿವೆ.