ಅಂಗಳದ ಎಂಟು ಸುತ್ತು

ನಮ್ಮ ದೊಡ್ಡಪ್ಪ ಆಸ್ಪತ್ರೆಯಿಂದ ಮರಳಿದ ದಿನ ಅವರನ್ನು ಜಗಲಿಯ ಆರಾಮಕುರ್ಚಿಯಲ್ಲಿ ಕುಳ್ಳಿರಿಸಿ, ಇನ್ನಿವರು ಏಳಕೂಡದೆಂದು ಮನೆಮಂದಿಯೆಲ್ಲ ತೀರ್ಮಾನಿಸಿದೆವು. ಕಾಸರಗೋಡಿನ ಗುಡ್ಡದ ಮಗ್ಗುಲಲ್ಲಿ ಐವತ್ತು ವರ್ಷ ಅಡಿಕೆತೋಟಕ್ಕೆ ಇಳಿದು ಹತ್ತಿದ ಜೀವವದು. ಹೃದಯ ತೀರ ಸೋತಾಗ ವೈದ್ಯರು ಎದೆಯೊಳಗೆ ಪುಟ್ಟ ಪಂಪೊಂದನ್ನು ಅಳವಡಿಸಿದ್ದರು.

ಹೃದಯವನ್ನು ತೆಗೆದು ಅದರ ಸ್ಥಾನದಲ್ಲಿಟ್ಟ ಯಂತ್ರ ಇದಲ್ಲ. ಹೃದಯದ ಎಡಭಾಗದಿಂದ ರಕ್ತವನ್ನು ಸೆಳೆದು ಮಹಾಪಧಮನಿಗೆ ತಳ್ಳುವ ಸಹಾಯಕ. ಹೊಟ್ಟೆಯ ಚರ್ಮವನ್ನು ತೂರಿ ಬರುವ ತಂತಿ, ಅದರ ತುದಿಗೆ ನಿಯಂತ್ರಕ ಪೆಟ್ಟಿಗೆ, ಚೀಲದಲ್ಲಿ ಎರಡು ಬ್ಯಾಟರಿ. ರಕ್ತವು ಎಡೆಬಿಡದೆ ಹರಿಯುವುದರಿಂದ ನಾಡಿ ಕೈಗೆ ಸಿಗುವುದೇ ಕಷ್ಟ. ಇದನ್ನು ಮರೆತ ದೊಡ್ಡಮ್ಮ ಒಂದು ರಾತ್ರಿ ಅವರ ಮಣಿಕಟ್ಟು ಹಿಡಿದು, ನಾಡಿ ಕಾಣದೆ, ಮನೆಯನ್ನೆಲ್ಲ ಕೂಗಿ ಎಬ್ಬಿಸಿದರು.

“ನಾನಿದ್ದೇನೆ ಮಾರಾಯ್ತಿ, ಮಲಗು” ಎಂದರು ದೊಡ್ಡಪ್ಪ.

ಅಂದಿನಿಂದ ನಮ್ಮ ಭಯ ಇಮ್ಮಡಿಯಾಯಿತು. ನೀರಿನ ಲೋಟಕ್ಕೂ ಅವರನ್ನು ಏಳಗೊಡಲಿಲ್ಲ.

ಎರಡು ತಿಂಗಳ ಬಳಿಕ ತಪಾಸಣೆಯಲ್ಲಿ ಆರು ನಿಮಿಷ ನಡೆಯಹೇಳಿದರು. ಮೂರನೆಯ ನಿಮಿಷಕ್ಕೇ ಅವರು ಗೋಡೆ ಹಿಡಿದು ನಿಂತರು. ಪಂಪು ಸರಿಯಾಗಿಯೇ ಇತ್ತು! ವ್ಯಾಯಾಮ ಕಲಿಸುವಾಕೆ ನಮ್ಮನ್ನು ಕರೆದು ತಿಳಿಸಿದರು: ಪಂಪಿನ ವೇಗವನ್ನು ವೈದ್ಯರು ನಿಗದಿಪಡಿಸಿರುತ್ತಾರೆ, ಗುಡ್ಡ ಹತ್ತುವಾಗ ಅದು ತಾನಾಗಿ ವೇಗ ಹೆಚ್ಚಿಸಿಕೊಳ್ಳದು. ಕುಳಿತಾಗ ಸಾಕಾಗುವ ರಕ್ತ ಶ್ರಮಪಡುವಾಗ ಸಾಲದು. ಆದರೆ ಅಭ್ಯಾಸ ಮಾಡಿಸಿದರೆ ಕಾಲಿನ ಸ್ನಾಯುಗಳು ಬಂದ ರಕ್ತವನ್ನೇ ಚೆನ್ನಾಗಿ ಬಳಸಿಕೊಳ್ಳಬಲ್ಲವು. ಕುಳ್ಳಿರಿಸಿದರೆ ಇದ್ದ ಬಲವೂ ಕರಗುತ್ತದೆ. ಇಂಥ 26 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ವಾರಗಳಲ್ಲಿ 18 ಬಾರಿ ವ್ಯಾಯಾಮ ಮಾಡಿದವರ ಕಾಲಿನ ಬಲವೂ ನೆಮ್ಮದಿಯೂ ಹೆಚ್ಚಿದ್ದವಂತೆ.

“ನೀವೆಲ್ಲ ಇವರನ್ನು ಬಹಳ ಚೆನ್ನಾಗಿ ನೋಡಿಕೊಂಡಿದ್ದೀರಿ. ಇನ್ನು ಸ್ವಲ್ಪ ಕಡಿಮೆ ನೋಡಿಕೊಳ್ಳಿ” ಎಂದು ಆಕೆ ನಕ್ಕರು. ನಾವು ತಲೆ ತಗ್ಗಿಸಿದೆವು.

ಆಸ್ಪತ್ರೆಯಲ್ಲಿ ಕೆಲವು ವಾರ ಅವರ ಕಣ್ಣೆದುರೇ ಅಭ್ಯಾಸವಾದ ಮೇಲೆ ಅಂಗಳದಲ್ಲಿ ನಡಿಗೆ ಆರಂಭವಾಯಿತು. ಮೊದಲ ದಿನ ಎರಡೇ ಸುತ್ತು. ಬದಲಿ ಬ್ಯಾಟರಿ, ಬದಲಿ ನಿಯಂತ್ರಕ ಹಿಡಿದು ಒಬ್ಬರು ಹಿಂದೆ. ನಾಡಿ ಎಣಿಸಲಾಗದವರಿಗೆ ಮಾತೇ ಅಳತೆ: ನಡೆಯುತ್ತಲೇ ಮಾತನಾಡುವಷ್ಟು ಉಸಿರಿರಬೇಕು. ತಲೆ ತಿರುಗಿದರೆ, ಯಂತ್ರ ಕೂಗಿದರೆ, ಕೂಡಲೇ ನಿಲ್ಲಬೇಕು. ತಂತಿ ಎಳೆಯುವಂತಿಲ್ಲ, ಕೆರೆಗೆ ಇಳಿಯುವಂತಿಲ್ಲ.

ಈಗ ಎಂಟು ಸುತ್ತು. ಹಿಂದಿನಂತೆ ಗುಡ್ಡ ಹತ್ತಲಾರರು. ಹತ್ತುವರೆಂಬ ಭ್ರಮೆ ಅವರಿಗೂ ಇಲ್ಲ, ನಮಗೂ ಇಲ್ಲ. ಆದರೆ ಮೊನ್ನೆ ಮೆಲ್ಲನೆ ನಡೆದು ತೋಟದ ಅಂಚಿಗೆ ತಲುಪಿದವರು, ಒಡೆದ ನೀರಿನ ಕಣಿಯನ್ನು ಕಂಡು, “ಇಷ್ಟು ದಿನ ನಿಮಗೆ ಯಾರಿಗೂ ಕಣ್ಣಿರಲಿಲ್ಲವೆ?” ಎಂದು ಗದರಿದರು.

ಆ ಗದರಿಕೆಯನ್ನು ಕೇಳಿ ಎಷ್ಟು ಕಾಲವಾಗಿತ್ತು! ನಿಮ್ಮ ಮನೆಯಲ್ಲೂ ಹೃದಯ ಸೋತ ಹಿರಿಯರಿದ್ದರೆ, ಅವರನ್ನು ಕುಳ್ಳಿರಿಸುವ ಮೊದಲು, ಎಷ್ಟು ನಡೆಸಬಹುದೆಂದು ಅವರ ವೈದ್ಯರನ್ನು ಒಮ್ಮೆ ಕೇಳಿರಿ.